ನೀರಣ್ಣನ ಭಾನುವಾರದ ಸರ್ವೀಸು

ಆ ಭಾನುವಾರ ನೀರಣ್ಣ ಪರೀಕ್ಷೆಗೆ ಕೂತಿದ್ದ. ಹಾಗಂತ ಗೊತ್ತಿಲ್ಲದಿದ್ದವನು ಅವನೊಬ್ಬನೇ. ಪರೀಕ್ಷೆ ಇಟ್ಟವಳು ಮಗಳು, ಹೂಂ ಅಂದವಳು ಹೆಂಡತಿ, ಪ್ರಶ್ನೆಪತ್ರಿಕೆ ಅವನದೇ ಹಳೇ ಮೋಟಾರ್ ಸೈಕಲ್ಲು.

ಆದದ್ದು ಇಷ್ಟು. ಕೆಲವು ತಿಂಗಳಿಂದ ನೀರಣ್ಣನಿಗೆ ಮರೆವು ಹತ್ತಿಕೊಂಡಿತ್ತು. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವಂಥ ಮರೆವಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಅಷ್ಟು ಮರೆವು ಹೆಂಡತಿಗೂ ಇತ್ತು. ಇದು ಬೇರೆ. ಒಂದು ದಿನ ಔಷಧಿ ಅಂಗಡಿಗೆ ಗಾಡಿಯಲ್ಲಿ ಹೋದವನು ನಡೆದುಕೊಂಡು ಬಂದ. ಗಾಡಿ ಎಲ್ಲಿ ಅಂದದ್ದಕ್ಕೆ, ನಾನು ನಡೆದೇ ಹೋಗಿದ್ದು ಎಂದು ಹೆಂಡತಿಯ ಮೇಲೆಯೇ ರೇಗಿದ. ಇನ್ನೊಂದು ದಿನ ನಾಲ್ಕು ರಸ್ತೆ ಕೂಡುವಲ್ಲಿ ಗಾಡಿ ನಿಲ್ಲಿಸಿಕೊಂಡು, ಇಂಜಿನ್ನು ಗುಡುಗುಟ್ಟುತ್ತಿದ್ದರೂ ಯಾವ ರಸ್ತೆ ಹಿಡಿಯಬೇಕೆಂದು ತೋಚದೆ ಕಣ್ಣು ಕಣ್ಣು ಬಿಡುತ್ತಾ ನಿಂತುಬಿಟ್ಟಿದ್ದ. ಹಿಂದಿದ್ದವರು ಹಾರನ್ನು ಹೊಡೆದರು, ಬೈದರು, ಕೊನೆಗೆ ಪಕ್ಕದಿಂದ ನುಸುಳಿಕೊಂಡು ಹೋದರು. ಅವರಲ್ಲಿ ಒಬ್ಬ ನೀರಣ್ಣನ ಅಳಿಯ. ಅವನು ಮನೆಗೆ ಹೋಗಿ ತನ್ನ ಹೆಂಡತಿಯ ಕಿವಿಗೆ ಹಾಕಿದ, ಅವಳು ಮಾರನೆಯ ದಿನವೇ ಬಂದು ಅಮ್ಮನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದಕ್ಕೆ ಮಾಡಿದಳು.

ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ದಿನವೆಲ್ಲ ಜನರನ್ನು ಕುರ್ಚಿಯಲ್ಲಿ ಕೂರಿಸಿ, ಈ ಸಾಲು ಕಾಣುತ್ತಾ, ಆ ಸಾಲು ಕಾಣುತ್ತಾ ಎಂದು ಕೇಳುವವಳಿಗೆ ಅಡ್ಡಾದಿಡ್ಡಿ ಮಾತು ಹಿಡಿಸುವುದಿಲ್ಲ. ಅಪ್ಪ ಇನ್ನು ಗಾಡಿ ಓಡಿಸಕೂಡದು, ಕೀ ನನ್ನ ಕೈಗೆ ಕೊಡು, ಯಾರನ್ನಾದರೂ ಗುದ್ದಿದ ಮೇಲೆ ಅತ್ತರೆ ಬರುವುದೇನೂ ಇಲ್ಲ ಎಂದಳು. ಅಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡೇ ಜಗಳಕ್ಕೆ ನಿಂತಳು. ವರ್ಷಕ್ಕೊಂದು ಸಲ ಆ ಗಾಡಿಯನ್ನು ಎಳೆಎಳೆಯಾಗಿ ಬಿಚ್ಚಿ, ಒಂದು ವಾಷರೂ ಮಿಗದ ಹಾಗೆ ಮತ್ತೆ ಜೋಡಿಸುವ ಮನುಷ್ಯನಿಗೆ ತಲೆ ಸರಿಯಿಲ್ಲ ಅನ್ನುತ್ತೀಯಾ, ನಿನ್ನ ಗಂಡ ಒಂದು ಬಲ್ಬು ಬದಲಾಯಿಸಲಿ ನೋಡೋಣ ಎಂದು ಅಳಿಯನನ್ನೂ ನಡುವೆ ಎಳೆದಳು. ಕಾರಣ ಇಷ್ಟೇ, ಅವಳಿಗೆ ಗಂಡನ ಪರವಾಗಿ ಹೇಳಲು ಬೇರೆ ಯಾವ ಮಾತೂ ಉಳಿದಿರಲಿಲ್ಲ.

ಮಗಳು, ಸರಿ ಹಾಗಾದರೆ ಎಂದಳು. ಬರುವ ಭಾನುವಾರ ಅಪ್ಪ ಒಬ್ಬರೇ ಸರ್ವೀಸ್ ಮಾಡಲಿ. ಊಟದ ಹೊತ್ತಿಗೆ ತಾನು ಬರುತ್ತೇನೆ. ಗಾಡಿ ಮೊದಲಿನಂತೆ ಕೂಡಿಕೊಂಡು ಸ್ಟಾರ್ಟ್ ಆಗಿದ್ದರೆ ಕೀ ಅಪ್ಪನ ಹತ್ತಿರವೇ ಇರಲಿ, ಇಲ್ಲದಿದ್ದರೆ ತನ್ನ ಕೈಗೆ ಬರಬೇಕು. ಅಮ್ಮ ಯೋಚನೆ ಕೂಡ ಮಾಡದೆ ಒಪ್ಪಿಕೊಂಡಳು. ಗಾಡಿ ಬಿಚ್ಚುವುದೆಂದರೆ ಅವನಿಗೆ ನೀರು ಕುಡಿದಷ್ಟು ಸುಲಭ ಎಂದು ಅವಳು ಆಗ ನಿಜವಾಗಿಯೂ ನಂಬಿದ್ದಳು.

ನೀರಣ್ಣ ಎಂಬುದು ಅವನ ಹೆಸರಲ್ಲ. ಅವನು ಊರಿಗೆ ನೀರು ಬಿಡುತ್ತಿದ್ದವನು. ಬೀದಿಬೀದಿಯ ನೆಲದಡಿಯಲ್ಲಿ ಕಬ್ಬಿಣದ ಮುಚ್ಚಳ ಹಾಕಿದ ಗುಂಡಿಗಳಿರುತ್ತವಲ್ಲ, ಅವುಗಳೊಳಗಿನ ವಾಲ್ವುಗಳನ್ನು ತಿರುಗಿಸಿ, ಈ ಬೀದಿಗೆ ಬಿಟ್ಟು ಆ ಬೀದಿಗೆ ನಿಲ್ಲಿಸುವುದು ಅವನ ನೌಕರಿ. ಆಳೆತ್ತರದ ಕಬ್ಬಿಣದ ಕೀಲಿಯೊಂದನ್ನು ಗಾಡಿಯ ಪಕ್ಕಕ್ಕೆ ಕಟ್ಟಿಕೊಂಡು ಹೊರಟನೆಂದರೆ, ಗಾಡಿಯ ಸದ್ದು ಕೇಳಿದ ಕೂಡಲೇ ಹೆಂಗಸರು ನಲ್ಲಿಯ ಕೆಳಗೆ ಬಕೆಟ್ಟು ಇಡುತ್ತಿದ್ದರು. ನೀರು ಬರುವ ಮೊದಲೇ ಇಡುತ್ತಿದ್ದರು, ಅಷ್ಟು ನಂಬಿಕೆ. ಅವನು ತಡ ಮಾಡಿದ ದಿನ ಅದೇ ಹೆಂಗಸರು ಅವನ ಏಳು ತಲೆಮಾರನ್ನೂ ಬಿಡದೆ ಜಾಲಾಡಿಸುತ್ತಿದ್ದರು. ಎರಡಕ್ಕೂ ಅವನು ಒಂದೇ ಥರ ನಗುತ್ತಿದ್ದ.

ಅವನಿಗೆ ಒಂದು ಕೆಟ್ಟ ಚಾಳಿಯಿತ್ತು. ಯಾವುದನ್ನು ಬಿಗಿದರೂ ಕೊನೆಗೆ ‘ಇನ್ನೊಂದು ಚೂರು’ ಎಂದು ಹಲ್ಲು ಕಚ್ಚಿ ಮತ್ತೊಮ್ಮೆ ತಿರುಗಿಸುವುದು. ವಾಲ್ವು ಸೋರಿದರೆ ಊರೇ ಉಗಿಯುತ್ತಿದ್ದ ಕಾಲದಲ್ಲಿ ಅಂಟಿದ್ದು, ಮನೆಯವರೆಗೂ ಬಂದಿತ್ತು. ಅವನು ಮುಚ್ಚಿದ ಡಬ್ಬಿಯನ್ನು ಅವನೇ ತೆಗೆಯಬೇಕು. ಅವನು ನಿಲ್ಲಿಸಿದ ನಲ್ಲಿಯನ್ನು ತಿರುಗಿಸಲು ಹೆಂಡತಿ ಒದ್ದೆ ಬಟ್ಟೆ ಸುತ್ತಬೇಕು. ಮಗಳು ಚಿಕ್ಕವಳಿದ್ದಾಗ ನೀರಿನ ಬಾಟಲಿ ತೆರೆಯಲಾಗದೆ ಶಾಲೆಯಿಂದ ಬಾಯಾರಿಕೊಂಡು ಬಂದದ್ದೂ ಉಂಟು. ಹೀಗಾಗಿ ಗಾಡಿಯ ಬೋಲ್ಟುಗಳು ಒಂದು ವರ್ಷ ಕಳೆದ ಮೇಲೆ ಜಪ್ಪಯ್ಯ ಅಂದರೂ ಅಲುಗುತ್ತಿರಲಿಲ್ಲ. ಪ್ರತಿವರ್ಷ ಅವನು ಯಾವನಯ್ಯಾ ಇಷ್ಟು ಬಿಗಿದವನು ಎಂದು ಬೈದುಕೊಳ್ಳುವುದು, ನೀವೇ ಎಂದು ಹೆಂಡತಿ ಹೇಳುವುದು, ಇಬ್ಬರೂ ನಗುವುದು ಸರ್ವೀಸಿನ ಒಂದು ಭಾಗವೇ ಆಗಿಹೋಗಿತ್ತು.

ಸರ್ವೀಸಿನ ದಿನ ಹೆಂಡತಿಗೆ ಟಾರ್ಚು ಹಿಡಿಯುವ ಕೆಲಸ. ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳ ಗುಂಡಿಯ ತೂತು ಹೊಲಿದು ಹೊಲಿದು ಅವಳ ಕಣ್ಣು ಸಣ್ಣದರ ಮೇಲೆ ನೆಟ್ಟು ನಿಲ್ಲುವುದನ್ನು ಕಲಿತಿತ್ತು, ಆದರೆ ಟಾರ್ಚು ಹಿಡಿದ ಕೈ ಮಾತಿನ ಹಿಂದೆ ಹೋಗಿಬಿಡುತ್ತಿತ್ತು. ನಾನು ಬೋಲ್ಟು ಬಿಚ್ಚುತ್ತಿರುವುದು ಇಲ್ಲಿ, ನೀನು ಗೋಡೆಗೆ ಬೆಳಕು ತೋರಿಸುತ್ತಿದ್ದೀಯ ಎಂದು ಅವನು ಗೊಣಗುತ್ತಿದ್ದ. ಮೂವತ್ತು ಚಿಲ್ಲರೆ ವರ್ಷ ಹೀಗೆ ಬೈಸಿಕೊಂಡು ಅವಳೂ ಅರ್ಧ ಮೆಕ್ಯಾನಿಕ್ ಆಗಿದ್ದಳು.

ಭಾನುವಾರ ಬೆಳಿಗ್ಗೆ ಅವನು ಹುರುಪಿನಲ್ಲೇ ಎದ್ದ. ಮನೆಗೂ ಹಿಂದಿನ ಗೋಡೆಗೂ ನಡುವೆ ಒಬ್ಬರು ಓಡಾಡುವಷ್ಟು ಜಾಗ. ಅಲ್ಲಿ ಗಾಡಿ ತಂದು ನಿಲ್ಲಿಸಿ, ಹಳೇ ಗೋಣಿಚೀಲ ಹಾಸಿ, ಡಬ್ಬಿಯ ಮುಚ್ಚಳಗಳನ್ನು ಸಾಲಾಗಿ ಇಟ್ಟ. ಬಿಚ್ಚಿದ್ದನ್ನು ಬಿಚ್ಚಿದ ಕ್ರಮದಲ್ಲೇ ಮುಚ್ಚಳಗಳಿಗೆ ಹಾಕಿಕೊಂಡು ಹೋಗುವುದು ಅವನ ಪದ್ಧತಿ. ಸೀಟು ತೆಗೆದ. ಚೈನನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿದ. ಬ್ಯಾಟರಿಯ ಮುಚ್ಚಳ ಒರೆಸಿದ. ಎಲ್ಲವೂ ಕೈಯಲ್ಲೇ ಆಗುವ ಕೆಲಸ, ಸ್ಪ್ಯಾನರು ಬೇಡದ್ದು; ಅದು ಹೆಂಡತಿಗೆ ಆಮೇಲೆ ಹೊಳೆಯಿತು. ಆಗ ಮಾತ್ರ ಅವಳು ಬಾಗಿಲಿಗೆ ಒರಗಿ ನಿಂತು, ಮಗಳು ಬಂದಾಗ ಆಡಬೇಕಾದ ಚುಚ್ಚುಮಾತುಗಳನ್ನು ಒಂದೊಂದಾಗಿ ನಾಲಿಗೆಯ ತುದಿಗೆ ತಂದುಕೊಳ್ಳುತ್ತಿದ್ದಳು.

ಮುಂದಿನದು ಇಂಜಿನ್ನಿನ ಹಳೇ ಆಯಿಲ್ ಇಳಿಸುವುದು. ಅದಕ್ಕೆ ಇಂಜಿನ್ನಿನ ಹೊಟ್ಟೆಯ ಕೆಳಗೆ ನೆಲ ನೋಡಿಕೊಂಡಿರುವ ಒಂದು ದಪ್ಪ ಬೋಲ್ಟು ಬಿಚ್ಚಬೇಕು. ನೀರಣ್ಣ ಗೋಣಿಚೀಲದ ಮೇಲೆ ಮಗ್ಗುಲಾಗಿ ಮಲಗಿ ಸ್ಪ್ಯಾನರು ಹಾಕಿ ಎಳೆದ. ಬೋಲ್ಟು ಅಲುಗಲಿಲ್ಲ. ಇನ್ನೊಮ್ಮೆ ಎಳೆದ. ಯಾವನಯ್ಯಾ ಇಷ್ಟು ಬಿಗಿದವನು ಎಂದ. ನೀವೇ ಎಂದಳು ಹೆಂಡತಿ. ಇಬ್ಬರೂ ನಕ್ಕರು. ಅವಳಿಗೆ ಎಷ್ಟು ನೆಮ್ಮದಿಯಾಯಿತೆಂದರೆ, ಒಳಗೆ ಹೋಗಿ ಅವನಿಗೊಂದು ಲೋಟ ಚಹಾ ಮಾಡಿ ತಂದಳು.

ಹಟ ಹಿಡಿದ ಬೋಲ್ಟು ಬಿಚ್ಚುವ ವಿದ್ಯೆ ಅವನಿಗೆ ಕರತಲಾಮಲಕ. ಮೊದಲು ಸೀಮೆಎಣ್ಣೆ ಬಿಟ್ಟು ಕಾಯುವುದು. ಆಮೇಲೆ ಗಾಡಿಯನ್ನು ನಿಂತಲ್ಲೇ ಸ್ವಲ್ಪ ಹೊತ್ತು ಸ್ಟಾರ್ಟಿನಲ್ಲಿಟ್ಟು ಇಂಜಿನ್ನು ಬಿಸಿ ಮಾಡುವುದು. ಅದಕ್ಕೂ ಜಗ್ಗದಿದ್ದರೆ ಸುತ್ತಿಗೆಯಿಂದ ಬೋಲ್ಟಿನ ತಲೆಯ ಮೇಲೆ ಮೆಲ್ಲಗೆ ತಟ್ಟುವುದು. ಎಲ್ಲವನ್ನೂ ಅವನು ಕ್ರಮ ತಪ್ಪದೆ ಮಾಡಿದ. ಮಹಡಿಯ ಮನೆಯ ನಿವೃತ್ತ ಕಂಡಕ್ಟರು ಸುತ್ತಿಗೆಯ ಸದ್ದಿಗೆ ಎದ್ದು ಬಂದು ಕಟಕಟೆಯ ಮೇಲೆ ಮೊಣಕೈ ಊರಿ ಸಲಹೆಗೆ ಶುರುಮಾಡಿದ. ಬಿಸಿನೀರು ಹುಯ್ಯಿ, ಮೇಣದ ಬತ್ತಿ ಹಿಡಿ, ಸೋಡಾ ಬಿಡು. ನೌಕರಿಯಲ್ಲಿದ್ದಾಗಲೂ ಡ್ರೈವರನಿಗಿಂತ ಹೆಚ್ಚಾಗಿ ಬಸ್ಸನ್ನು ಓಡಿಸಿದವನು ತಾನೇ ಎಂದು ಅವನ ನಂಬಿಕೆ. ನೀರಣ್ಣ ಮಲಗಿದ್ದಲ್ಲಿಂದಲೇ, ಇಳಿದು ಬಂದು ಕೈ ಹಾಕಿ ಸ್ವಾಮಿ ಎಂದ. ಕಂಡಕ್ಟರಿಗೆ ಆ ಕ್ಷಣ ಒಳಗೆ ಏನೋ ಕೆಲಸ ನೆನಪಾಯಿತು.

ಬೋಲ್ಟು ಮಾತ್ರ ಇದ್ದಲ್ಲೇ ಇತ್ತು. ನೀರಣ್ಣನ ಕುತ್ತಿಗೆಯ ನರ ಉಬ್ಬಿ, ಮುಖ ಕೆಂಪಾಗಿತ್ತು. ಅವನು ಸ್ಪ್ಯಾನರಿನ ಹಿಡಿಗೆ ಉದ್ದದ ಪೈಪು ಸಿಕ್ಕಿಸಿಕೊಂಡ. ಟಾರ್ಚು ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದ ಹೆಂಡತಿಗೆ ಆಗ ಏನೋ ಸರಿಯಿಲ್ಲ ಅನ್ನಿಸಿತು. ಅವನ ಕೈ ಹೋಗುತ್ತಿದ್ದ ಕಡೆ ಅವಳಿಗೆ ಒಗ್ಗಲಿಲ್ಲ. ಮೇಲಿನಿಂದ ನೋಡಿದರೆ ಕೆಳಗಿನದೆಲ್ಲ ತಿರುವುಮುರುವಾಗಿ ಕಾಣುತ್ತದೆ, ತನ್ನದೇ ತಪ್ಪಿರಬೇಕು ಎಂದುಕೊಂಡಳು. ಬೋಲ್ಟು ಯಾವ ಕಡೆ ಬಿಚ್ಚುತ್ತದೆ ಎಂದು ಸಂಶಯ ಬಂದರೆ ಅದರ ಮುಖಕ್ಕೆ ಮುಖ ಕೊಟ್ಟು ನೋಡಬೇಕೆಂದು ಅವಳಿಗೆ ಕಲಿಸಿದ್ದು ಅವನೇ. ಗಡಿಯಾರದ ಮುಳ್ಳು ಓಡುವ ಕಡೆ ಬಿಗಿ, ಅದಕ್ಕೆ ಎದುರು ಸಡಿಲ. ಅವಳು ನೆಲಕ್ಕೆ ಕೈಯೂರಿ, ಕೆನ್ನೆಯನ್ನು ಗೋಣಿಚೀಲಕ್ಕೆ ತಾಗಿಸಿ, ಬೋಲ್ಟಿನ ಮುಖಕ್ಕೆ ಮುಖ ಕೊಟ್ಟು ನೋಡಿದಳು.

ಅವನು ಬಿಗಿಯುತ್ತಿದ್ದ. ಬೆಳಗಿನಿಂದ, ಇದ್ದ ಬದ್ದ ಶಕ್ತಿಯೆಲ್ಲ ಹಾಕಿ, ಬಿಗಿಯುತ್ತಲೇ ಇದ್ದ.

ಆದರೆ ಅವಳ ಮನಸ್ಸು ಕೂಡಲೇ ನೆಪ ಹುಡುಕಿಕೊಂಡಿತು. ಈ ಆಯಿಲ್ ಬೋಲ್ಟಿನಲ್ಲಿ ಎಡವದವರೇ ಇಲ್ಲ. ಮಲಗಿಕೊಂಡು ಕೈ ಹಾಕುವಾಗ ದಿಕ್ಕು ತಪ್ಪುವುದು ಸಹಜ ಎಂದು ಅವನೇ ಎಷ್ಟೋ ಸಲ ಹೇಳಿದ್ದ. ಹೊಸದಾಗಿ ಗಾಡಿ ಕೊಂಡು ಮನೆಯಲ್ಲೇ ಸರ್ವೀಸಿಗೆ ಕೂತ ಅಳಿಯ ಹೀಗೆಯೇ ಪೇಚಾಡಿದಾಗ ನೀರಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಇಂದು ಅವನಿಗೇ ಆಗಿದೆ, ಅಷ್ಟೇ. ಅವಳು ದನಿಯನ್ನು ಆದಷ್ಟು ಹಗುರ ಮಾಡಿಕೊಂಡಳು.

“ರೀ, ಒಂದ್ಸಲ ಆ ಕಡೆ ತಿರುಗಿಸಿ ನೋಡಿ.”

ಅವನು ತಲೆಯೆತ್ತಿ ಅವಳನ್ನು ನೋಡಿ ನಕ್ಕ. ಚಿಕ್ಕ ಮಕ್ಕಳ ತಪ್ಪಿಗೆ ನಗುವ ಹಾಗೆ.

“ಆ ಕಡೆ ತಿರುಗಿಸಿದ್ರೆ ಇನ್ನೂ ಬಿಗಿಯಾಗುತ್ತೆ ಕಣೇ.”

ಎಂಥ ನಿಶ್ಚಿಂತೆಯ ದನಿ ಅದು. ಅವನು ತಡವರಿಸಿದ್ದರೆ, ರೇಗಿದ್ದರೆ, ಅವಳು ಇನ್ನೊಂದು ಮಾತು ಆಡುತ್ತಿದ್ದಳು. ಹಾಗೆ ನಕ್ಕವನಿಗೆ ಏನು ಹೇಳುವುದು? ನಿಮಗೆ ಬಿಚ್ಚುವುದಕ್ಕೂ ಬಿಗಿಯುವುದಕ್ಕೂ ವ್ಯತ್ಯಾಸ ಮರೆತುಹೋಗಿದೆ ಎಂದು, ಊರಿನ ನೀರನ್ನೆಲ್ಲ ಬಿಟ್ಟು ನಿಲ್ಲಿಸಿದವನಿಗೆ ಯಾವ ಬಾಯಲ್ಲಿ ಹೇಳುವುದು? ಅವಳು ಟಾರ್ಚನ್ನು ಸರಿಯಾಗಿ ಬೋಲ್ಟಿನ ಮೇಲೆಯೇ ಹಿಡಿದು ಕೂತಳು, ಬೈಸಿಕೊಳ್ಳುವಂತೆ ಒಮ್ಮೆಯೂ ಕದಲಿಸಲಿಲ್ಲ.

ನೀರಣ್ಣ ಕಾಲನ್ನು ಗೋಡೆಗೆ ಒತ್ತಿ, ಪೈಪನ್ನು ಎರಡೂ ಕೈಯಲ್ಲಿ ಹಿಡಿದು, ಮೈಯ ಭಾರವನ್ನೆಲ್ಲ ಬಿಟ್ಟ. ಒಳಗೆ ಏನೋ ಕಟಕ್ಕೆಂದಿತು. ಪೈಪು ಸಲೀಸಾಗಿ ಹೊರಳಿತು.

ಬಂತು ನೋಡು ಎಂದು ಅವನು ಗೆದ್ದ ದನಿಯಲ್ಲಿ ಹೇಳಿದ. ಪೈಪು ತೆಗೆದು ಬರಿಗೈಯಲ್ಲಿ ತಿರುಗಿಸತೊಡಗಿದ. ಬೋಲ್ಟು ಸರಾಗವಾಗಿ ತಿರುಗಿತು. ಒಂದು ಸುತ್ತು, ಇನ್ನೊಂದು ಸುತ್ತು. ಅದು ತಿರುಗುತ್ತಿತ್ತು, ಕೆಳಗೆ ಮಾತ್ರ ಇಳಿಯುತ್ತಿರಲಿಲ್ಲ. ಬೋಲ್ಟನ್ನು ಕಚ್ಚಿ ಹಿಡಿಯುವ ಒಳಗಿನ ಥ್ರೆಡ್ಡು ಸವೆದು ಹರಿದುಹೋಗಿದೆ ಎಂದು ಹೆಂಡತಿಗೆ ತಿಳಿಯಿತು. ಬೋಲ್ಟಿನ ಅಂಚಿನಿಂದ ಕಪ್ಪು ಆಯಿಲ್ ಒಸರಿ, ಕೆಳಗಿಟ್ಟಿದ್ದ ತಟ್ಟೆಗೆ ತೊಟ್ಟು ತೊಟ್ಟಾಗಿ ಬೀಳತೊಡಗಿತು. ಅವನು ಆಯಿಲ್ ಇಳಿಯುತ್ತಿದೆ ಎಂದು ಸಂತೋಷಪಟ್ಟು ತಿರುಗಿಸುತ್ತಲೇ ಇದ್ದ. ಬಹಳ ಹೊತ್ತಾದ ಮೇಲೆ ಕೈ ನಿಧಾನವಾಯಿತು. ಅವನು ಬೋಲ್ಟಿನ ತಲೆಯನ್ನು ಬೆರಳಲ್ಲಿ ಸವರಿ, ಎಷ್ಟು ಉದ್ದ ಇದೆ ಇದು ಎಂದ.

ಇಷ್ಟಕ್ಕೇ ಮುಗಿದಿದ್ದರೆ ಹೆಂಡತಿಯ ಕೈಯಲ್ಲಿ ಇನ್ನೂ ಒಂದು ಉತ್ತರವಿತ್ತು. ಹಳೇ ಗಾಡಿ, ಹಳೇ ಬೋಲ್ಟು, ಥ್ರೆಡ್ಡು ಹೋಗಿದೆ, ಗ್ಯಾರೇಜಿಗೆ ಕೊಡಬೇಕು ಎಂದು ಮಗಳಿಗೆ ಹೇಳಬಹುದಿತ್ತು. ಸುಳ್ಳೂ ಆಗುತ್ತಿರಲಿಲ್ಲ. ಅವಳು ಅಷ್ಟರಲ್ಲೇ ಕೆಲಸ ನಿಲ್ಲಿಸಲು ನೋಡಿದಳು. ಏಳಿ, ಕೈ ತೊಳೆದುಕೊಳ್ಳಿ, ಮಗಳು ಊಟಕ್ಕೆ ಬರುತ್ತಾಳೆ ಎಂದು ಅವಸರ ಮಾಡಿದಳು. ಅವನು ಕೇಳಬೇಕಲ್ಲ. ಅದರ ಪಾಡಿಗೆ ಅದು ಇಳಿಯುತ್ತಿರಲಿ, ಅಷ್ಟರಲ್ಲಿ ಇದನ್ನು ಮುಗಿಸುತ್ತೇನೆಂದು ಎದ್ದು ಕೂತು, ಇಂಜಿನ್ನಿನ ಪಕ್ಕದ ಫಿಲ್ಟರಿನ ಮುಚ್ಚಳಕ್ಕೆ ಕೈ ಹಾಕಿದ.

ಆ ಮುಚ್ಚಳಕ್ಕೆ ಮೂರು ಸಣ್ಣ ಬೋಲ್ಟು. ಮಲಗಬೇಕಾಗಿಲ್ಲ, ಬಗ್ಗಬೇಕಾಗಿಲ್ಲ. ಕೂತವನ ಕಣ್ಣಿಗೆ ನೇರವಾಗಿ, ಮುಖಕ್ಕೆ ಮುಖ ಕೊಟ್ಟುಕೊಂಡೇ ಇದ್ದವು. ಅವನು ಸಣ್ಣ ಸ್ಪ್ಯಾನರು ಆರಿಸಿ ಮೊದಲನೆಯದಕ್ಕೆ ಹಾಕಿದ. ಅವನ ಕೈ ಗಡಿಯಾರದ ಮುಳ್ಳಿನ ಕಡೆಗೆ ಹೋಯಿತು.

ಅವಳು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಇನ್ನು ಯಾವ ನೆಪವೂ ಸಿಗಲಿಲ್ಲ.

ಆದರೂ ಮನುಷ್ಯನಿಗೆ ಆಸೆ ಎಷ್ಟು ಕೆಟ್ಟದ್ದು ನೋಡಿ. ಅವನು ಬೆವರು ಒರೆಸಿಕೊಂಡು ನೀರು ಕುಡಿಯಲು ಒಳಗೆ ಹೋದದ್ದೇ ತಡ, ಅವಳು ಟಾರ್ಚು ಕೆಳಗಿಟ್ಟು ಸ್ಪ್ಯಾನರು ಎತ್ತಿಕೊಂಡಳು. ಮೊದಲ ಬೋಲ್ಟಿಗೆ ಹಾಕಿ ಎದುರು ದಿಕ್ಕಿಗೆ ಒತ್ತಿದಳು. ಅದು ಅಲುಗದೇ ಇರಲಿ ಎಂದು ಒಂದು ಕ್ಷಣ ಅವಳ ಮನಸ್ಸು ಬೇಡಿಕೊಂಡಿತು. ನಿಜವಾಗಿಯೂ ತುಕ್ಕು ಹಿಡಿದಿರಲಿ, ಯಾರ ಕೈಗೂ ಬಗ್ಗದಿರಲಿ, ಯಾವ ಕಡೆ ತಿರುಗಿಸಿದರೂ ಅಷ್ಟೇ ಎನ್ನುವಂತಿರಲಿ. ಬೋಲ್ಟು ಒಮ್ಮೆ ಕಿರ್ರೆಂದು, ಅವಳಂಥವಳ ಕೈಗೂ ಸಡಿಲವಾಯಿತು. ಎರಡನೆಯದೂ ಹಾಗೆಯೇ. ಮೂರನೆಯದೂ. ಅವಳು ಅವನ್ನು ಪೂರ್ತಿ ಬಿಚ್ಚದೆ, ಬೆರಳಲ್ಲಿ ಹಿಡಿದರೆ ತಿರುಗುವಷ್ಟು ಸಡಿಲ ಮಾಡಿ, ಸ್ಪ್ಯಾನರನ್ನು ಇದ್ದ ಜಾಗದಲ್ಲೇ ಇಟ್ಟು, ಟಾರ್ಚು ಹಿಡಿದು ಏನೂ ಅರಿಯದವಳಂತೆ ಕೂತಳು. ಅವನು ಬಂದು ಕೈ ಹಾಕುತ್ತಾನೆ, ಬೋಲ್ಟು ಬೆರಳಿಗೇ ಬರುತ್ತದೆ, ಮುಚ್ಚಳ ತೆರೆಯುತ್ತದೆ, ಮುಂದಿನದು ಮುಂದೆ. ಗುಂಡಿಯ ತೂತು ಹೊಲಿಯುವಾಗ ತಪ್ಪಿದ ಹೊಲಿಗೆಯನ್ನು ಮೇಸ್ತ್ರಿ ನೋಡುವ ಮೊದಲೇ ಬಿಚ್ಚಿ ಹೊಲಿಯುತ್ತಿದ್ದಳಲ್ಲ, ಇದೂ ಅಷ್ಟೇ ಎಂದು ಧೈರ್ಯ ತಂದುಕೊಂಡಳು.

ನೀರಣ್ಣ ಬಂದು ಕೂತ. ಸ್ಪ್ಯಾನರು ಹಾಕಿದ. ಬೋಲ್ಟು ಸಡಿಲವಾಗಿ ತಿರುಗಿದಾಗ ಅವನ ಮುಖ ಅರಳಿತು. ಅದೇ ಅರಳಿದ ಮುಖದಲ್ಲಿ ಗಡಿಯಾರದ ಮುಳ್ಳಿನ ಕಡೆಗೇ ತಿರುಗಿಸುತ್ತಾ ಹೋಗಿ, ಅದು ತಳ ಮುಟ್ಟಿ ನಿಂತಾಗ ಮತ್ತೆ ಸಿಕ್ಕಿಕೊಂಡಿತಲ್ಲ ಎಂದು ಬೇಸರಿಸಿಕೊಂಡ. ಎರಡನೆಯದಕ್ಕೂ ಹಾಗೆಯೇ ಮಾಡಿದ. ಮೂರನೆಯದಕ್ಕೂ. ಆಮೇಲೆ ಮೊದಲನೆಯದಕ್ಕೆ ಹಿಂತಿರುಗಿ, ಹಲ್ಲು ಕಚ್ಚಿ ಇನ್ನೊಂದು ಚೂರು ಬಿಗಿದ.

ಹೆಂಡತಿಗೆ ನಗು ಬಂದಂತಾಗಿ, ಅದು ಬಾಯಿಗೆ ಬರುವಷ್ಟರಲ್ಲಿ ಅಳುವಾಗಿತ್ತು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸೀಮೆಎಣ್ಣೆ ಕಣ್ಣಿಗೆ ಹೊಡೆಯಿತಾ ಎಂದು ಅವನು ಕಕ್ಕುಲಾತಿಯಿಂದ ಕೇಳಿದ. ಹೌದು ಎಂದಳು. ಅವನು ತನ್ನ ಕೊಳೆ ಕೈಯನ್ನು ಅಂಗಿಗೆ ಒರೆಸಿಕೊಂಡು, ಅವಳ ಕೈಯಿಂದ ಟಾರ್ಚು ತೆಗೆದು ಕೆಳಗಿಟ್ಟು, ನೀನು ಒಳಗೆ ಹೋಗಿ ಮುಖ ತೊಳೆದುಕೋ, ಇದು ಇನ್ನೇನು ಮುಗಿಯಿತು ಎಂದ. ಅವಳು ಎದ್ದು ಒಳಗೆ ಹೋಗಿ, ಮುಖ ತೊಳೆಯದೆ, ಅಡುಗೆಮನೆಯ ಕಟ್ಟೆ ಹಿಡಿದು ನಿಂತಳು. ಯಾರಿಗೆ ಹೇಳುವುದು, ಏನೆಂದು ಹೇಳುವುದು, ಹೇಳಿ ಏನಾಗುತ್ತದೆ.

ಬಾಗಿಲು ಬಡಿದದ್ದು ಆಗಲೇ. ಮಗಳು ಒಬ್ಬಳೇ ಬಂದಿದ್ದಳು. ಚಪ್ಪಲಿ ಬಿಡುವ ಮೊದಲೇ ಅಮ್ಮನ ಮುಖ ನೋಡಿದಳು, ದಿನವೆಲ್ಲ ಜನರ ಕಣ್ಣು ನೋಡುವ ಕೆಲಸದವಳು. ಅಮ್ಮ ಒಂದೇ ಉಸಿರಿಗೆ ಶುರುಮಾಡಿದಳು. ಬೋಲ್ಟು ತುಕ್ಕು ಹಿಡಿದಿದೆ, ಸೀಮೆಎಣ್ಣೆ ಹಾಕಿದರೂ ಬರಲಿಲ್ಲ, ಬಿಸಿ ಮಾಡಿದರೂ ಬರಲಿಲ್ಲ, ಮಹಡಿಯ ಕಂಡಕ್ಟರನ್ನು ಬೇಕಾದರೆ ಕೇಳು, ಕಳಪೆ ಮಾಲು, ಎಂಥ ಮೆಕ್ಯಾನಿಕ್ಕಾದರೂ ಇದಕ್ಕೆ ಏನೂ ಮಾಡಲಾರ. ಮಗಳು ಮಧ್ಯೆ ಬಾಯಿ ಹಾಕದೆ ಎಲ್ಲವನ್ನೂ ಕೇಳಿಸಿಕೊಂಡು, ಅಮ್ಮನನ್ನು ದಾಟಿ ಹಿಂದಿನ ಬಾಗಿಲಿಗೆ ಹೋದಳು. ಅಮ್ಮ ಮಾತಾಡುತ್ತಲೇ ಹಿಂದೆ ಹೋದಳು.

ನೀರಣ್ಣ ಕೆಲಸ ಬಿಟ್ಟು ಸುಮ್ಮನೆ ಕೂತಿದ್ದ. ಬಲಗೈಯಲ್ಲಿ ಸ್ಪ್ಯಾನರು ಇತ್ತು. ಎಡ ಅಂಗೈಯನ್ನು ಮುಖದ ಮುಂದೆ ಹಿಡಿದು, ಅದರಿಂದ ಏನೋ ಬಿದ್ದುಹೋಗಿದೆ ಎನ್ನುವಂತೆ ನೋಡುತ್ತಿದ್ದ. ಮಗಳನ್ನು ಕಂಡು, ಬಾ ಕೂತುಕೋ ಎಂದು ಗೋಣಿಚೀಲದ ಮೇಲೆ ಜಾಗ ಮಾಡಿಕೊಟ್ಟ. ಅಲ್ಲಿ ಕೂತರೆ ಬಟ್ಟೆ ಹಾಳಾಗುತ್ತದೆಂದು ಗೊತ್ತಿದ್ದೂ ಅವಳು ಕೂತಳು. ಅವನು ಹೆಂಡತಿಯ ಕಡೆ ಒಮ್ಮೆ ನೋಡಿ, ಅವಳಿಗೆ ಕೇಳಿಸಬಾರದು ಎನ್ನುವಂತೆ ದನಿ ತಗ್ಗಿಸಿ ಮಗಳನ್ನು ಕೇಳಿದ.

“ಇದು ಯಾವ ಕಡೆ ತಿರುಗಿಸಿದ್ರೆ ಬಿಚ್ಚುತ್ತೆ, ನಿಂಗೇನಾದ್ರೂ ಗೊತ್ತಾ?”

ಅವನು ತಾನೇ ವಿವರಿಸಲು ನೋಡಿದ.

“ನಾನು ಯಾವತ್ತೂ ಇದನ್ನ ಯೋಚನೆ ಮಾಡಿದ್ದಿಲ್ಲಮ್ಮ. ಕೈ ತಾನಾಗೇ ಹೋಗ್ತಿತ್ತು. ಇವತ್ತು ಎಷ್ಟು ಕೇಳಿದ್ರೂ ಕೈ ಹೇಳ್ತಾ ಇಲ್ಲ.”

ಗೆದ್ದವಳು ಮಗಳು. ಪಂದ್ಯ ಅವಳದೇ. ಆದರೆ ಅವಳ ಮುಖದಲ್ಲಿ ಗೆದ್ದ ಲಕ್ಷಣವೇನೂ ಇರಲಿಲ್ಲ. ಅವಳು ಕೆಳತುಟಿ ಕಚ್ಚಿಕೊಂಡು, ಅಪ್ಪನ ಕೈಯ ಮೇಲೆ ತನ್ನ ಕೈ ಇಟ್ಟು, ಗಡಿಯಾರದ ಮುಳ್ಳಿಗೆ ಎದುರಾಗಿ ಮೆಲ್ಲಗೆ ಒತ್ತಿದಳು. ಬೋಲ್ಟು ಕಿರ್ರೆಂದು ಸಡಿಲವಾಯಿತು. ಈ ಕಡೆ ಅಪ್ಪ ಎಂದಳು. ಹೌದಲ್ಲ, ಈ ಕಡೆ ಎಂದು ಅವನು ಸಂತೋಷದಿಂದ ಅದನ್ನು ಪೂರ್ತಿ ಬಿಚ್ಚಿ, ಒರೆಸಿ, ಸಾಲಿನಲ್ಲಿದ್ದ ಮುಚ್ಚಳಕ್ಕೆ ಹಾಕಿದ. ಎರಡನೆಯದಕ್ಕೆ ಸ್ಪ್ಯಾನರು ಹಾಕಿದ. ಅಲ್ಲಿ ಅವನ ಕೈ ಮತ್ತೆ ನಿಂತಿತು. ಇದು? ಎಂದು ಮಗಳ ಮುಖ ನೋಡಿದ. ಮಗಳು ತಲೆ ತಗ್ಗಿಸಿ, ಅದೂ ಈ ಕಡೆಯೇ ಅಪ್ಪ ಎಂದಳು. ಆಮೇಲೆ ಅಮ್ಮನ ಕಡೆ ತಿರುಗಿದಳು, ತಾನೇ ಏನೋ ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ.

“ಅಮ್ಮಾ, ನೀನು ಹೇಳಿದ್ದು ಸರಿ. ಬೋಲ್ಟು ತುಂಬಾ ಬಿಗಿ ಇದೆ.”

ಕೀ ಕೇಳಲು ಬಂದವಳು ಅದರ ಮಾತೇ ಎತ್ತಲಾರಳು ಎಂದು ಅಮ್ಮನಿಗೆ ಅರ್ಥವಾಯಿತು. ಬೆಳಗಿನಿಂದ ಅವಳು ಬೇಡಿಕೊಂಡದ್ದು ಇದನ್ನೇ. ಈಗ ಸುಮ್ಮನಿದ್ದುಬಿಟ್ಟರೆ ಕೀ ಮನೆಯಲ್ಲೇ ಉಳಿಯುತ್ತದೆ, ಥ್ರೆಡ್ಡು ಸರಿಮಾಡಿಸಿದ ಮೇಲೆ ಅವನು ಮತ್ತೆ ಗಾಡಿ ಹತ್ತುತ್ತಾನೆ, ನಾಲ್ಕು ರಸ್ತೆ ಕೂಡುವಲ್ಲಿ ಹೋಗಿ ನಿಲ್ಲುತ್ತಾನೆ. ಅವಳು ಗಾಡಿಯ ಹತ್ತಿರ ಹೋಗಿ, ಹ್ಯಾಂಡಲಿನ ನಡುವೆ ಸಿಕ್ಕಿಸಿದ್ದ ಕೀಯನ್ನು ತಾನೇ ಎಳೆದು ತೆಗೆದಳು. ಕೀ ಮಾತ್ರ ತಡೆಯದೆ ಬಂತು. ಗಂಡನ ಬೆನ್ನ ಹಿಂದೆ ಬಗ್ಗಿ ಮಗಳ ಅಂಗೈಯಲ್ಲಿ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು. ಮಗಳು ಬೇಡವೆಂದು ತಲೆಯಾಡಿಸಿದಳು. ಅಮ್ಮ ಆ ಮುಷ್ಟಿಯನ್ನು ಬಿಡಲಿಲ್ಲ.

ನೀರಣ್ಣ ಎರಡನೆಯ ಬೋಲ್ಟನ್ನು ಒರೆಸಿ ಮುಚ್ಚಳಕ್ಕೆ ಹಾಕಿದ. ಮೂರನೆಯದಕ್ಕೆ ಸ್ಪ್ಯಾನರು ಹಾಕಿ, ಕೈ ತಡೆದು, ಹೆಂಡತಿಯ ಮುಖವನ್ನೂ ಮಗಳ ಮುಖವನ್ನೂ ನೋಡುತ್ತಾ, ಇಬ್ಬರಲ್ಲಿ ಯಾರಾದರೂ ಹೇಳಲಿ ಎಂದು ಕಾಯುತ್ತಾ ಕೂತ.